ಹತ್ತು ನಿಮಿಷದೊಳಗಿನ ಕಾರ್ಡು

ಚಿಮಟದ ತುದಿಗೆ ಸಿಕ್ಕಿದ್ದನ್ನು ಬೆಳಕಿಗೆ ಹಿಡಿದು ನೋಡಿ ಅವನು ಮುಖ ಸಿಂಡರಿಸಿದ. ಯಾರದೋ ಕಿವಿಯ ಗುಗ್ಗೆ. ಫೋನಿನ ಸ್ಪೀಕರ್ ಜಾಲರಿಯಲ್ಲಿ ಬಾಡಿಗೆಯಿಲ್ಲದೆ ಸಂಸಾರ ಹೂಡಿತ್ತು.

ಗಿರಾಕಿಗಳ ಫೋನನ್ನು ಬರಿಗೈಯಲ್ಲಿ ಮುಟ್ಟದ ಈ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಚಿಮಟಣ್ಣ. ಬೆವರು, ಪೌಡರು, ಎಂಜಲು ಎಲ್ಲ ಅವನ ಮೇಜಿಗೇ ಬರಬೇಕು. ಜನ ಮುಖ ತೊಳೆಯುತ್ತಾರೆ, ಮುಖಕ್ಕೆ ಒತ್ತಿಕೊಳ್ಳುವುದನ್ನು ತೊಳೆಯುವುದಿಲ್ಲ ಎಂಬುದು ಅವನ ಕಾಯಂ ದೂರು.

"ಅಣ್ಣ, ಹತ್ತು ನಿಮಿಷದೊಳಗೆ ಕಾಪಿ ಮುಗಿಸೋ ಮೆಮೊರಿ ಕಾರ್ಡ್ ಬೇಕು," ಎಂದಳು ಎದುರಿಗೆ ನಿಂತ ಹೆಂಗಸು.

ಏನು ಕಾಪಿ, ಯಾಕೆ ಹತ್ತೇ ನಿಮಿಷ ಎಂದು ಅವನು ಕೇಳಿದ. ಅವಳು ಮುಚ್ಚಿಡಲಿಲ್ಲ. ಒಬ್ಬ ಗಂಡಸಿನ ಫೋನಿನಲ್ಲಿ ಅವಳ ತಂಗಿಯ ಫೋಟೋಗಳಿವೆ, ಯಾರೂ ನೋಡಬಾರದಂಥವು. ಅವು ನಾಲ್ಕು ಕಡೆ ಹರಿದಾಡಿ ತಂಗಿ ಮನೆಯಿಂದ ಹೊರಗೆ ಕಾಲಿಡದೆ ಮೂರು ವಾರವಾಯಿತು, ಅನ್ನ ಬಿಟ್ಟಿದ್ದಾಳೆ. ಫೋಟೋ ಆ ಮನುಷ್ಯನ ಫೋನಿನಲ್ಲೇ ಇತ್ತು ಎಂದು ತೋರಿಸದಿದ್ದರೆ ಅವಳನ್ನು ಯಾರೂ ನಂಬುವುದಿಲ್ಲ.

"ಥೂ," ಎಂದ ಚಿಮಟಣ್ಣ. ಗುಗ್ಗೆ ಕಂಡಾಗಿನ ಅದೇ ಥೂ. "ಅಂಥವನ ಸಹವಾಸ ನಿಮ್ಮ ತಂಗೀಗೆ ಯಾಕೆ ಬೇಕಿತ್ತು?"

"ನಂಬಿ ಕೊಟ್ಟಳು, ಅಣ್ಣ."

ಭಾವನೋ ಮೈದುನನೋ ಇರಬೇಕು ಎಂದು ಅವನು ಲೆಕ್ಕ ಹಾಕಿದ. ಮನೆಯೊಳಗಿನ ಕೊಳಕು ಹೀಗೇ, ಫೋನಿನವನು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲೇ ಹೊರಬೀಳಬೇಕು. ಫೋಟೋ ತೆಗೆಸಿಕೊಳ್ಳುವವರಿಗೂ ಬುದ್ಧಿ ಬೇಡವೆ? ಅವನಿಗೆ ಇಬ್ಬರ ಮೇಲೂ ಸಮನಾಗಿ ಹೇಸಿಗೆಯಾಯಿತು. ಆದರೂ ವ್ಯಾಪಾರ ವ್ಯಾಪಾರವೇ. ಮೂರು ಕಾರ್ಡುಗಳನ್ನು ಗಾಜಿನ ಮೇಲೆ ಜೋಡಿಸಿದ. ಒಂದರ ಹೊದಿಕೆಯ ಮೇಲೆ ಮಿಂಚು, ಒಂದರ ಮೇಲೆ ಚಿರತೆ, ಮೂರನೆಯದು ಬೋಳು.

ಮಿಂಚಿನದನ್ನು ಮುಂದೆ ತಳ್ಳಿದ. ಅವಳು ಮುಟ್ಟಲಿಲ್ಲ. ಹೊದಿಕೆಯ ಮಾತು ಬೇಡ, ಫೋನಿಗೆ ಹಾಕಿ ಅಳೆದು ತೋರಿಸಿ ಎಂದಳು. ಅವನು ಒಂದು ಸಿನಿಮಾ ಕಾಪಿ ಮಾಡಿ ತೋರಿಸಿದ. ಮೂರೂ ಕಾರ್ಡು ಹೆಚ್ಚುಕಮ್ಮಿ ಒಂದೇ ಓಟ ಓಡಿದವು.

"ಒಂದೇ ದೊಡ್ಡ ಫೈಲ್ ಹಾಕಿದ್ರೆ ಕುಂಟನೂ ಓಡ್ತಾನೆ," ಎಂದಳು. "ಅವನ ಹತ್ರ ಇರೋದು ಸಾವಿರಾರು ಸಣ್ಣ ಫೋಟೋ, ಮಧ್ಯ ಮಧ್ಯ ವಿಡಿಯೋ. ಅಂಥದ್ದೇ ಏನಾದ್ರೂ ಹಾಕಿ ನೋಡಿ."

ಮಾತು ಸರಿಯಾಗಿತ್ತು. ಅಂಥದ್ದು ಎಲ್ಲಿದೆ ಎಂದು ಚಿಮಟಣ್ಣ ಕ್ಷಣ ಯೋಚಿಸಿದ. ಆಮೇಲೆ ತನ್ನ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದು ಫೋಲ್ಡರ್ ಆರಿಸಿ ಒತ್ತಿದ. ನಾಲ್ಕು ವರ್ಷದ ಸಂಗ್ರಹ, ಒಂಬತ್ತು ಜೀಬಿ. ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು.

ಮಿಂಚು ಹನ್ನೆರಡು ನಿಮಿಷ ನಲವತ್ತು ಸೆಕೆಂಡು ತೆಗೆದುಕೊಂಡಿತು. "ಇದು ಎಸ್‌ಡಿ ಕಾರ್ಡಲ್ಲ, ಅಸಡ್ಡೆ ಕಾರ್ಡು," ಎಂದು ಅವನೇ ನಕ್ಕ. ಅವಳು ನಗಲಿಲ್ಲ, ಚೀಟಿಯಲ್ಲಿ ಬರೆದುಕೊಂಡಳು.

ಚಿರತೆ ಓಡುತ್ತಿರುವಾಗ ಕಾಲೇಜಿನ ಹುಡುಗಿಯೊಬ್ಬಳು ಒಡೆದ ಫೋನು ತಂದಳು. ಅವನು ಎಂದಿನಂತೆ ಪಾಸ್‌ವರ್ಡ್ ಕೇಳಿದ. ಅದಿಲ್ಲದೆ ಸ್ಕ್ರೀನ್ ಪರೀಕ್ಷೆ ಹೇಗೆ ಮಾಡಲಿ, ಸಂಜೆ ಬಾ ಎಂದ. ಹುಡುಗಿ ಬರೆದುಕೊಟ್ಟು ಹೋದ ಮೇಲೆ ಅವಳ ದನಿಯನ್ನೇ ಮೂಗಿನಲ್ಲಿ ಎಳೆದು ಅಣಕಿಸಿದ: "ಬಿದ್ದೇ ಇಲ್ಲಾ ಅಂಕಲ್, ತಾನಾಗೇ ಒಡೀತು." ಹುಡುಗಿಯೇ ಮರಳಿ ಬಂದಳೇನೋ ಎನ್ನುವಷ್ಟು ಥೇಟು. ಹೆಂಗಸು ಆ ಒಡೆದ ಫೋನನ್ನೇ ನೋಡುತ್ತಿದ್ದಳು. ಅವಳ ಮೂಗಿನ ಹೊಳ್ಳೆಗಳು ಬಿಗಿದಿದ್ದವು. ವಾಸನೆ ಬಂತೇನೋ ಎಂದು ಚಿಮಟಣ್ಣ ಮೇಜಿಗೆ ಸ್ಪಿರಿಟ್ ಒರೆಸಿದ.

ಚಿರತೆಗೆ ಏಳು ನಿಮಿಷ ಐವತ್ತು ಸೆಕೆಂಡು. ಬೋಳು ಕಾರ್ಡಿಗೆ ನಾಲ್ಕು ಇಪ್ಪತ್ತು.

"ಬೋಳಿಗೇ ಕಿರೀಟ," ಎಂದ ಅವನು. ಪ್ರತಿ ಕಾರ್ಡಿನ ಕಾಪಿ ಮುಗಿದ ಕೂಡಲೇ ಹಾಕಿದ್ದನ್ನೆಲ್ಲ ಅಳಿಸಿದ್ದ. ಒಂದು ಒತ್ತು, ಒಂದು ಸೆಕೆಂಡು. ಪೂರ್ತಿ ತೊಳೆಯಬೇಕಾದರೆ ಒಂದೊಂದಕ್ಕೂ ಮುಕ್ಕಾಲು ಗಂಟೆ ಬೇಕು. ಈ ಒಂದು ಸೆಕೆಂಡಿನ ಅಳಿಸಾಟ ಬಾಗಿಲ ಹೆಸರುಹಲಗೆ ಕಿತ್ತಂತೆ ಅಷ್ಟೇ, ಮನೆಯವರು ಒಳಗೇ ಇರುತ್ತಾರೆ. ಕಸುಬಿನವರಿಗೆ ಅದು ಗೊತ್ತು. ಗಿರಾಕಿಗೆ ಎಲ್ಲಿಂದ ಗೊತ್ತಾಗಬೇಕು?

ಅವಳು ಮೂರೂ ಕಾರ್ಡು ಕೊಡಿ ಎಂದಳು. ನಿಧಾನದವು ಯಾಕೆ ಎಂದರೆ, ಇರಲಿ ಎಂದಳು. ರಸೀದಿಯಲ್ಲಿ ಒಂದೊಂದು ಕಾರ್ಡಿನ ನಂಬರು, ತಾರೀಖು, ಗಂಟೆ ಬರೆಸಿದಳು. "ನನ್ನ ಸ್ವಂತ ಫೋನಿನಲ್ಲಿ ಪರೀಕ್ಷಿಸಿ ಕೊಟ್ಟಿದ್ದೇನೆ" ಎಂದೂ ಬರೆದು ಸಹಿ ಹಾಕಿ ಎಂದಳು, ಗ್ಯಾರಂಟಿಗೆ. ಇಷ್ಟು ಚೊಕ್ಕ ಗಿರಾಕಿಯನ್ನು ಅವನು ಕಂಡೇ ಇರಲಿಲ್ಲ. ಖುಷಿಯಿಂದ ಸಹಿ ಹಾಕಿದ. ಅವಳು ಕಾರ್ಡುಗಳನ್ನು ಚಿಮಟದಲ್ಲೇ ಎತ್ತಿಸಿ, ಲಕೋಟೆಗೆ ಹಾಕಿಸಿಕೊಂಡು, ಅಂಟಿಸಿ, ಅಂಟಿನ ಮೇಲೂ ಅವನ ಸಹಿ ಪಡೆದಳು.

ಬಾಗಿಲ ತನಕ ಹೋದವಳನ್ನು ಚಿಮಟಣ್ಣ ಕರೆದ. ಎಷ್ಟಾದರೂ ಅಣ್ಣ ಎಂದಿದ್ದಳು. "ಆ ಕೊಳಕನ ಫೋನು ಕೈಗೆ ಸಿಗುತ್ತಾ? ಯಾವಾಗ ಕಾಪಿ ಮಾಡ್ಕೋತೀರಿ?"

"ಆಗ್ಲೇ ಆಯ್ತಲ್ಲ, ಮೂರು ಸಲ," ಎಂದಳು ಅವಳು. "ಕಾರ್ಡಿಂದ ಅಳಿಸಿದ್ದನ್ನ ವಾಪಸ್ ಎತ್ತೋದೇ ನನ್ನ ಕೆಲಸ. ನನ್ನ ತಂಗಿ ಹೋದ ತಿಂಗಳು ಸ್ಕ್ರೀನ್ ಹಾಕಿಸೋಕೆ ಫೋನು, ಪಾಸ್‌ವರ್ಡ್ ಎರಡನ್ನೂ ನಂಬಿ ಕೊಟ್ಟಿದ್ದು ನಿಮಗೇ."