ಇನ್ನೊಂದ್ಸಲ, ನಗ್ತಾ

“ಇನ್ನೊಂದ್ಸಲ ಕೆಳಗಿಳಿದು ಹತ್ತಿ ಬನ್ನಿ. ಈ ಸಲ ಸ್ವಲ್ಪ ನಗ್ತಾ ಬನ್ನಿ,” ಎಂದ ಸುದ್ದಿಚಿತ್ರದವನು, ಕ್ಯಾಮೆರಾದ ತಿರುಗುಹಿಡಿಕೆಯಿಂದ ಕೈ ತೆಗೆಯದೆ. ಪಾಳಿ ಮುಗಿಸಿ ಆಗತಾನೇ ಕಲ್ಲಿದ್ದಲ ಗಣಿಯಿಂದ ಮೇಲೆ ಬಂದಿದ್ದ ಆರು ಜನ ಮುಖ ಮುಖ ನೋಡಿಕೊಂಡರು.

“ಮೇಲೆ ಬಂದೋರು ಅದೇ ದಿನ ಮತ್ತೆ ಇಳೀಬಾರ್ದು ಸ್ವಾಮಿ,” ಎಂದ ಅವರಲ್ಲಿ ಮುದುಕನಾದ ಪಾವೊಲ್.

ಮೇಸ್ತ್ರಿ ನಕ್ಕ. “ಪೆನ್ಸಿಲ್ವೇನಿಯಾಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ನಿಮ್ಮೂರಿನ ದೆವ್ವಗಳ್ನ ಇನ್ನೂ ಬಿಟ್ಟಿಲ್ವೇನಯ್ಯಾ? ನಡೀರಿ, ನಡೀರಿ.”

ಆರು ಜನರಲ್ಲೊಬ್ಬನಾದ ಯುರಾಯ್ ತನ್ನ ಬುತ್ತಿಡಬ್ಬಿಯನ್ನು ಆಗಲೇ, ಕರೆದೊಯ್ಯಲು ಬಂದಿದ್ದ ಹೆಂಡತಿ ಲುದ್ಮಿಲಾಳ ಕೈಗೆ ಕೊಟ್ಟಾಗಿತ್ತು. ಮಗಳಿಗೆಂದು ದಿನವೂ ಉಳಿಸಿ ತರುವ ಬ್ರೆಡ್ಡಿನ ಚೂರು ಅದರೊಳಗಿತ್ತು. “ಕೊಡೇ ಇಲ್ಲಿ, ಕೈಲಿದ್ರೆ ಚೆನ್ನಾಗಿ ಕಾಣತ್ತಂತೆ,” ಎಂದು ಇಸಿದುಕೊಂಡ. “ಹೋದ ಶನಿವಾರ ಪರದೆ ಮೇಲೆ ನೋಡಿದ್ವಲ್ಲ, ಕೆರೆಗೆ ಬಿದ್ದೋನು ಹಿಂದ್ಹಿಂದಕ್ಕೆ ಹಾರಿ ದಡಕ್ಕೆ ಬಂದ! ನಮ್ಮನ್ನೂ ಹಾಗೇ ಕುಣಿಸ್ತಾರೋ ಏನೋ.”

“ಅದಕ್ಕೆ ಹಿಡಿಕೆ ಹಿಂದಕ್ಕೆ ತಿರುಗಿಸ್ಬೇಕು, ಅಷ್ಟೇ,” ಎಂದ ಕ್ಯಾಮೆರಾದವನು. ಲುದ್ಮಿಲಾ ತಲೆವಸ್ತ್ರದ ತುದಿಯನ್ನು ಬಾಯಿಗಿಟ್ಟುಕೊಂಡು ನಕ್ಕಳು.

ಆರು ಜನರನ್ನು ಹೊತ್ತ ಕಬ್ಬಿಣದ ಪಂಜರ ಕೆಳಗಿಳಿಯಿತು. ಮತ್ತೆ ಮೇಲಕ್ಕೆಳೆಯಲು ಗಂಟೆ ಹೊಡೆಯಿತು; ಕ್ಯಾಮೆರಾದವನು ಹಿಡಿಕೆ ತಿರುಗಿಸತೊಡಗಿದ. ಪಂಜರವನ್ನೆಳೆಯುತ್ತ ಬಿಗಿದುಕೊಂಡ ಉಕ್ಕಿನ ಹಗ್ಗ ಇದ್ದಕ್ಕಿದ್ದಂತೆ ತುಂಡಾಗಿ, ಚಾಟಿಯಂತೆ ಬೀಸಿ ಶೆಡ್ಡಿನ ಮೇಲೆ ಬಿತ್ತು. ಕೆಳಗಿನ ಸದ್ದು ಕೇಳಿಸಲು ತುಸು ಹೊತ್ತೇ ಹಿಡಿಯಿತು.

ಎಲ್ಲರೂ ಗಣಿಯ ಬಾಯಿಗೆ ಓಡಿದರು. ಕ್ಯಾಮೆರಾದವನ ಕೈ ಮಾತ್ರ ಅಭ್ಯಾಸಬಲದಿಂದ ತಿರುಗುತ್ತಲೇ ಇತ್ತು. ಲುದ್ಮಿಲಾ ನೇರ ಅವನ ಬಳಿಗೆ ಬಂದಳು. ಅವನ ಕೈಯನ್ನು ಪಕ್ಕಕ್ಕೆ ತಳ್ಳಿ, ತನ್ನೆರಡೂ ಕೈಗಳಿಂದ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸತೊಡಗಿದಳು.