ಕೈಗಂಟಿದ ಬಿಳಿ ಪುಡಿ

ಗಾಜಿನ ತಟ್ಟೆಯಲ್ಲಿದ್ದ ಬಿಳಿ ಪುಡಿಯ ಮೇಲೆ ಮಗಳು ಆಮ್ಲದ ಹನಿ ಬಿಡಲು ಹೊರಟಾಗ ಅಪ್ಪ ತಟ್ಟೆಯತ್ತ ಬಾಗಿದ. ಬಣ್ಣದ ಕಾರ್ಖಾನೆಯಲ್ಲಿ ಚೀಟಿ ಹರಿದುಹೋಗಿದ್ದ ಇದೇ ಪುಡಿಯ ಮೂಟೆ ಬಿಚ್ಚಿ, ಕೈ ತೊಳೆಯದೆ ಊಟ ಮಾಡಿಬಿಟ್ಟಿದ್ದ. ಅಲ್ಲಿಗೆ ಬರುವ ಬಿಳಿ ಪುಡಿ ಎರಡೇ: ಬೇರಿಯಂ ಕಾರ್ಬೊನೇಟ್ ಆಗಿದ್ದರೆ ವಿಷ, ಸಲ್ಫೇಟ್ ಆಗಿದ್ದರೆ ಬಚಾವು. ಆಮ್ಲಕ್ಕೆ ನೊರೆಯುಕ್ಕುವುದು ವಿಷ ಮಾತ್ರ. ಆಸ್ಪತ್ರೆಗೆ ಹೊರಡಲು ಗಾಡಿ ಬಾಗಿಲಲ್ಲೇ ನಿಂತಿತ್ತು.

“ಹೆದರ್ಬೇಡಪ್ಪಾ, ನಾನಿದ್ದೀನಲ್ಲ” ಎಂದಳು. ಇಡೀ ಪ್ರಯೋಗಾಲಯವನ್ನು ನಡುಗಿಸುವವಳ ಬಾಯಲ್ಲಿ ಇಷ್ಟು ಮೆತ್ತನೆಯ ಮಾತು ಬಂದದ್ದೇ ಅವನ ಕೈಕಾಲು ತಣ್ಣಗಾಗಿಸಿತು.

ಹನಿ ಬಿತ್ತು. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೊಂದು ಹನಿಗೂ ಪುಡಿ ಜಪ್ಪಯ್ಯ ಎನ್ನಲಿಲ್ಲ.

“ಸಲ್ಫೇಟ್! ಹೊಟ್ಟೆ ಎಕ್ಸ್‌ರೇಗೆ ಮುಂಚೆ ಕುಡಿಸೋದೂ ಇದೇ ಜಾತಿ... ಅಲ್ಲಾ, ತಲೇಲಿ ಏನು ತುಂಬ್ಕೊಂಡಿದ್ದೀಯ? ಮೂವತ್ತು ವರ್ಷದಿಂದ ಕೈಗವಸು ಹಾಕೋದು ಕಲೀಲಿಲ್ವಾ? ಎದ್ದು ಸೋಪು ಹಚ್ಚಿ ತೊಳಿ!”

ಬೈಗುಳ ಕಿವಿಗೆ ಬಿದ್ದದ್ದೇ ತಡ, ಅಪ್ಪನಿಗೆ ಹೋದ ಜೀವ ಬಂದಂತಾಯಿತು.