ಬಗೆಹರಿದ ದೂರು

ದೊಡ್ಡ ಆಡಿಯೋ ಕಂಪನಿಯೊಂದರ ಸಹಾಯವಾಣಿಯಲ್ಲಿದ್ದ ಹೇಮಲತಾಳಿಗೆ ಕೊನೆಯ ಎಚ್ಚರಿಕೆ ಸಿಕ್ಕಿತ್ತು: ಯಾವ ಕರೆಯೂ ಆರು ನಿಮಿಷ ದಾಟಕೂಡದು.

ಆ ಕಡೆ ಗದಗದ ಫಕೀರಪ್ಪಜ್ಜ. “ಯವ್ವಾ, ನಿಮ್ಮ ರೆಕಾರ್ಡರ್ ಮೂಕಾಗೇತಿ. ಏನ್ ಒತ್ತಿದ್ರೂ ದನಿನ ಹೊರಡವಲ್ದು.”

ಏನೇನೋ ಮಾಡಿಸಿ ನೋಡುವಷ್ಟರಲ್ಲಿ ಐದು ನಿಮಿಷ ಕಳೆದವು. ಉಳಿದದ್ದು ರೀಸೆಟ್ ಒಂದೇ. ಅದರಿಂದ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆಂದು ಮೊದಲೇ ತಿಳಿಸಬೇಕೆಂಬುದು ನಿಯಮ. ಹೇಮಲತಾ ತಿಳಿಸಲಿಲ್ಲ.

“ಎರಡೂ ಗುಂಡಿ ಒಟ್ಟಿಗೆ ಒತ್ತಿ ಹಿಡ್ಕೊಳ್ಳಿ, ಅಜ್ಜ.”

ಟಿಣ್ ಎಂದು ಸದ್ದಾಯಿತು. ‘ದೂರು ಬಗೆಹರಿದಿದೆ’ ಎಂದು ಅವಳು ನಿರಾಳವಾಗಿ ದಾಖಲಿಸಿದಳು.

“ಚಾಲೂ ಆತ್ ನೋಡವ್ವಾ! ನಿನ್ನ ಹೊಟ್ಟಿ ತಣ್ಣಗಿರ್ಲಿ,” ಮುದುಕನ ದನಿ ಹಿಗ್ಗಿನಿಂದ ನಡುಗಿತು. “ತೀರಿಕೊಂಡ ನನ್ನ ಮಗಳ ದನಿ ಉಳಿದಿದ್ದು ಇದರಾಗ ಒಂದ. ಕೇಳಾಕ ಯಾವ ಗುಂಡಿ ಒತ್ಲಿ?”